ಅಂಗೈ ಮೇಲೆ ಎದ್ದು ನಿಂತ ಕಾಯಿ

ನಮ್ಮ ಮಾವನವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿ ಮಣಿಕಟ್ಟು ಮುಟ್ಟುವಷ್ಟು ಸಡಿಲವಾಗಿತ್ತು. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿಯನ್ನು ಅದರಿಂದ ಯಾರಿಗೂ ಕಾಣದಂತೆ ಮೀಟಿದರೆ ಕಾಯಿ ಜುಟ್ಟು ಮೇಲಾಗಿ ಎದ್ದು ನಿಲ್ಲುತ್ತಿತ್ತು. "ಇಲ್ಲೇ ಗಂಗೆ" ಎಂದು ಕಣ್ಣು ಮುಚ್ಚುತ್ತಿದ್ದರು. ಜಯನಗರ, ಜೆ.ಪಿ. ನಗರದ ಖಾಲಿ ಸೈಟುಗಳಲ್ಲಿ ಮನೆ ಏಳುತ್ತಿದ್ದ ಎಪ್ಪತ್ತರ ದಶಕದಲ್ಲಿ ಬಾವಿ ತೋಡಿಸುವವರೆಲ್ಲ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ನೀರು ಬಂದರೆ ಅವರ ಮಹಿಮೆ, ಬರದಿದ್ದರೆ ಆ ಮನೆಯವರೇ ಏನೋ ಮೈಲಿಗೆ ಮಾಡಿರಬೇಕು.

ನಾನು ಸೊಸೆಯಾಗಿ ಬಂದ ತಿಂಗಳೊಳಗೆ ಗುಟ್ಟು ತಿಳಿಯಿತು. ಬೆಳಿಗ್ಗೆ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದವರು ನನ್ನನ್ನು ಕಂಡು ನಕ್ಕರು. "ನೋಡ್ಬಿಟ್ಯಾ? ಇರ್ಲಿ ಬಿಡಮ್ಮ, ಚಟ್ನಿಗೆ ತಗೋ" ಎಂದು ಕಾಯಿಯನ್ನು ನನ್ನ ಕೈಗಿಟ್ಟರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದೇ ಕಷ್ಟವಾಗಿತ್ತು.

ವಯಸ್ಸಾದಂತೆ ಕೈ ನಡುಕ ಶುರುವಾಯಿತು. ಇನ್ನು ಈ ಆಟ ಮುಗಿಯಿತು ಎಂದುಕೊಂಡೆ. ಆದದ್ದೇ ಬೇರೆ. ನಡುಗುವ ಅಂಗೈ ಮೇಲೆ ಕಾಯಿ ತಾನಾಗಿಯೇ ಕುಣಿಯತೊಡಗಿತು, ಜನ ಮೊದಲಿಗಿಂತ ಹೆಚ್ಚು ನಂಬಿದರು. ಅಷ್ಟರಲ್ಲಿ ನನ್ನ ಗಂಡನ ಕಾರ್ಖಾನೆ ಮುಚ್ಚಿತ್ತು. ಒಲೆ ಉರಿಯುತ್ತಿದ್ದದ್ದೇ ಆ ಕಾಯಿಯಿಂದ. ಎಡವದಿರಲೆಂದು ನಾನೇ ಅವರ ತೋಳು ಹಿಡಿದು ಹೋಗುತ್ತಿದ್ದೆ.

ಅರೆಕೆರೆಯಲ್ಲಿ ಸೊಪ್ಪು ಬೆಳೆದು ಮಾರುತ್ತಿದ್ದ ವಿಧವೆಯೊಬ್ಬಳು ಬಾವಿಗಾಗಿ ಇದ್ದ ಎಮ್ಮೆ ಮಾರಿದ್ದಳು. ಕಾಯಿ ಕುಣಿಯಿತು, ಅವಳು ಅಡ್ಡಬಿದ್ದಳು. ಮಾವನವರಿಗೆ ಏನಾಯಿತೋ, ಕಾಯಿಯನ್ನು ನೆಲಕ್ಕಿಟ್ಟುಬಿಟ್ಟರು.

"ತಾಯಿ, ನೀರು ಎಲ್ಲಿದೆ ಅಂತ ನಂಗೊತ್ತಿಲ್ಲ. ಯಾವತ್ತೂ ಗೊತ್ತಿರ್ಲಿಲ್ಲ. ಕೈ ನಡುಗತ್ತೆ, ಕಾಯಿ ಅಲ್ಲಾಡತ್ತೆ, ಅಷ್ಟೇ."

"ದೊಡ್ಡೋರು ಹಿಂಗೇ ಅನ್ನಾದು ಸ್ವಾಮಿ" ಎಂದು ಕೈಮುಗಿದು, ಕಾಯಿ ಇಟ್ಟಿದ್ದ ಜಾಗದಲ್ಲೇ ಅವಳು ಗೂಟ ನೆಟ್ಟಳು.

ಅವರು ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮ."

ಮನೆಯಲ್ಲಿ ಅಕ್ಕಿ ಮುಗಿದಿತ್ತು. ಅವಳು ಕೊಟ್ಟದ್ದನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಮಾವನವರು ಕಾಯಿ ಮುಟ್ಟಲಿಲ್ಲ. ಕರೆಯಲು ಬಂದವರಿಗೆಲ್ಲ ನಿಜ ಹೇಳಿ ಹೇಳಿ ಸೋತರು. ಬಂದವರು ದಕ್ಷಿಣೆ ಸಾಲದೇನೋ ಎಂದು ಇನ್ನಷ್ಟು ಕೊಡಲು ಬರುತ್ತಿದ್ದರು. ಮಳೆಗಾಲ ಕಳೆಯುವಷ್ಟರಲ್ಲಿ ಮಾವನವರು ತೀರಿಕೊಂಡರು.

ತಿಥಿ ಮುಗಿದ ಮೇಲೆ ಒಂದು ದಿನ ಅರೆಕೆರೆಯ ಆ ಹೆಂಗಸು ಬಾಗಿಲಿಗೆ ಬಂದಳು. ಬಾವಿಯಲ್ಲಿ ಎಷ್ಟು ಇಳಿದರೂ ಬರೀ ಬಂಡೆಯಂತೆ. ಬೈಯಲು ಬಂದಿರಬೇಕೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಸ್ವಾಮ್ಯೋರು ಇನ್ನೊಂದು ಜಾಗ ತೋರಿಸ್ಕೊಡ್ಲಿ ಅಂತ ಬಂದೆ ಕಣಕ್ಕ. ಕಿವೀದು ಓಲೆ ಐತೆ, ಮಾರ್ತೀನಿ."

ಅವರಿಲ್ಲವೆಂದು ಹೇಳಿದೆ. ಮೆಟ್ಟಿಲ ಮೇಲೆ ಕೂತು ಅತ್ತಳು. ನನಗೆ ತಡೆಯಲಾಗಲಿಲ್ಲ. "ಅವತ್ತು ಅವರು ಹೇಳಿದ್ದೇ ನಿಜ ಕಣಮ್ಮ. ಅವರಿಗೇನೂ ಗೊತ್ತಿರ್ಲಿಲ್ಲ, ಎಲ್ಲಾ ನಾಟಕ. ನಂಗೂ ಗೊತ್ತಿತ್ತು" ಎಂದುಬಿಟ್ಟೆ.

ಅವಳು ಕಣ್ಣೊರೆಸಿಕೊಂಡು ಎದ್ದಳು. ಅಷ್ಟು ಹೊತ್ತೂ ಇಲ್ಲದ ಸಿಟ್ಟು ಮುಖದಲ್ಲಿತ್ತು.

"ಅನ್ನ ಹಾಕ್ದೋರ್ನ ಹಿಂಗನ್ನಬಾರದು ಕಣಕ್ಕ" ಎಂದು ಹೇಳಿ ಹೊರಟುಹೋದಳು.