ಪಿಸುಮಾತಿನ ಚರಗ

ಹೆಂಡತಿ ತೀರಿಕೊಂಡ ಮೇಲೆ ಇದು ಮೊದಲ ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಬಂದವರೆಲ್ಲ ಅವಳ ಕಾಯಿಲೆಯ ದಿನಗಳನ್ನೇ ಮಾತಾಡುತ್ತಾರೆ. ನನಗೆ ನೆನಪಾಗುವುದು ಅವಳ ಬಿಳಿ ಪಾದಗಳು.

ಎಪ್ಪತ್ತರ ದಶಕ, ನಮ್ಮ ಮದುವೆಯಾದ ವರ್ಷ. ಜೋರಾಪುರ ಪೇಟೆಯಲ್ಲಿ ನಮಗೊಂದು ಪಾತ್ರೆ ಅಂಗಡಿ ಇತ್ತು; ಹೊಲ ಅಂಗೈಯಗಲವೂ ಇರಲಿಲ್ಲ. ಅವಳು ಬಬಲೇಶ್ವರದ ಒಕ್ಕಲುಮನೆಯವಳು. ಎಳ್ಳಮಾಸಿಯ ದಿನ ಪೈರಿಗೆ ಎಡೆ ಚೆಲ್ಲಿ, ಅಂದರೆ ಚರಗ ಚೆಲ್ಲಿ, ಆಮೇಲೆಯೇ ಉಂಡು ಬೆಳೆದವಳು.

"ನಿಮ್ಮ ಅಪ್ಪನ ಹೊಲಕ್ಕ ಹೋಗೂಣಲ್ಲ" ಅಂದೆ.

"ಅದು ಅವರ ಚರಗ. ನಮ್ಮ ಮನೀದು ಎಲ್ಲೈತ್ರಿ?"

ತಿಕೋಟಾದ ಆಚೆ, ಕನಮಡಿ ದಾರಿಯಲ್ಲಿ, ದನ ಬಿಡದಂತೆ ಸರಕಾರ ಕಾಯುತ್ತಿದ್ದ ಹುಲ್ಲುಗಾವಲು ನೆನಪಾಯಿತು. ಬಸ್ಸಿಳಿದು ನಡೆದೆವು. ಎರೆಮಣ್ಣು ಮುಗಿದು ಸುಣ್ಣದಂಥ ನೆಲ ಶುರುವಾಯಿತು. ಕಾಲುಂಗುರ ಕಾಣದಷ್ಟು ಅವಳ ಪಾದ ಬೆಳ್ಳಗಾದವು.

"ದೀಪಾವಳಿಗೆ ಗ್ವಾಡಿಗಿ ಸುಣ್ಣ ಬಳದಂಗ ಆತು" ಎಂದು ನಕ್ಕಳು.

ಬೇಲಿಯ ಬಳಿ ವಯಸ್ಸಾದ ಕಾವಲುಗಾರ ತಡೆದ. "ಸರಕಾರದ ಹುಲ್ಲಿಗಿ ಚರಗ ಚೆಲ್ಲೋರನ್ನ ಇವತ್ತ ನೋಡಾಕತ್ತೇನಿ. ಇದನ್ನ ಬಿತ್ತಿದವರ್ಯಾರು ತಂಗಿ?"

"ಯಾರೂ ಬಿತ್ತಿಲ್ಲಂತ ಅದನ್ನ ಉಪಾಸ ಕೆಡವತೀರೇನ್ರಿ ಕಾಕಾ?"

ಅವನು ಗೇಟು ತೆರೆದ. ಅವಳು ಮೊದಲ ಹಿಡಿ ಚೆಲ್ಲಿ, ತವರಿನ ಹೊಲದಲ್ಲಿ ಕೂಗುವಂತೆಯೇ "ಹುಲ್ಲುಲ್ಲಿಗೋ" ಎಂದು ಗಟ್ಟಿಯಾಗಿ ಕೂಗಿದಳು. ತಗ್ಗಿನಲ್ಲಿ ಮಲಗಿದ್ದ ಚಿಗರಿ ಜಿಂಕೆಗಳ ಹಿಂಡು ಎದ್ದು, ಹಾರಿ, ದಿಬ್ಬ ದಾಟಿ ಹೋಯಿತು.

ಕಾವಲುಗಾರ ತಲೆಯ ಮೇಲೆ ಕೈ ಇಟ್ಟ. "ಮಧ್ಯಾನ ಸಾಹೇಬ್ರು ಚಿಗರಿ ನೋಡಾಕ ಬರ್ತಾರ. ಈಗೇನ ತೋರಸ್ಲಿ, ನಿನ್ನ ಗಂಡನ್ನ?"

ಅವಳ ಮುಖ ಸಣ್ಣದಾಯಿತು. "ತಪ್ಪಾತ್ರಿ. ಆದ್ರ ಮೊದಲನೇ ಚರಗ ಅರ್ಧಕ್ಕ ಬಿಡೂದು ಹೆಂಗ?"

"ಬಿಡು ಅಂದವರ್ಯಾರು? ಸಾವಕಾಶ ಅನ್ನು. ಹುಲ್ಲೇನು ಕಿವುಡ ಐತೇನು?"

ಮೂವರೂ ಕಳ್ಳರಂತೆ ಬಗ್ಗಿ, ಪಿಸುಗುಡುತ್ತ, ಸುತ್ತಲೂ ಚೆಲ್ಲಿದೆವು. ಎಲ್ಲರಿಗಿಂತ ಮೆಲ್ಲಗೆ ಅಂದವನು ಕಾವಲುಗಾರನೇ. ಆಮೇಲೆ ಜಾಲಿ ಗಿಡದ ನೆರಳಲ್ಲಿ ಸಜ್ಜಿ ಕಡಬು, ಪುಂಡಿಪಲ್ಯ. ಅವನು ನಾಲ್ಕನೆಯ ಕಡಬು ಬಾಯಿಗಿಟ್ಟವನು ಹಾಗೇ ತಡೆದು, ಕಣ್ಣಲ್ಲೇ ತೋರಿಸಿದ: ಎರಡು ಚಿಗರಿಗಳು ಮರಳಿ ಬಂದು, ನಾವು ಚೆಲ್ಲಿದ್ದನ್ನು ಮೂಸುತ್ತಿದ್ದವು.

"ಉಂಡ್ವು" ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು.

ಅಂದಿನಿಂದ ನಮ್ಮ ಮನೆಯ ಚರಗ ಪಿಸುಮಾತಿನದೇ. ತವರಿನವರು ಎಷ್ಟು ನಕ್ಕರೂ ಅವಳು ಬದಲಿಸಲಿಲ್ಲ.

ಈ ಸಲ ಮಗಳು ಬುತ್ತಿ ಕಟ್ಟಿಕೊಟ್ಟಳು. ಒಬ್ಬನೇ ಅದೇ ಹುಲ್ಲುಗಾವಲಿಗೆ ಹೋಗಿ ಚೆಲ್ಲಿದೆ, ಮೆಲ್ಲಗೆ ಅಂದೆ. ಮನೆಗೆ ಬಂದು, ಬೆಳ್ಳಗಾದ ಕಾಲು ತೊಳೆಯದೆ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದೆ.