ಮುಖವಿಲ್ಲದ ಫ್ಲೆಕ್ಸ್

ದೊಡ್ಡಬೀರಪ್ಪನವರ ಹುಟ್ಟುಹಬ್ಬದ ಫ್ಲೆಕ್ಸನ್ನು ರಾಯದುರ್ಗದ ಬಸ್‌ಸ್ಟ್ಯಾಂಡ್ ಎದುರು ಕಟ್ಟಿ, ಏಣಿ ಇಳಿದು ನೋಡಿದಾಗ ಓಬುಲೇಶನಿಗೆ ತನ್ನ ಎಡವಟ್ಟು ಕಂಡಿತು. ಫೋಟೊದ ಹಿಂದಿದ್ದ ಬಿಳಿ ಗೋಡೆಯನ್ನು ಕಂಪ್ಯೂಟರಿನಲ್ಲಿ ಅಳಿಸುವಾಗ ಅವರ ಬಿಳಿ ಅಂಗಿ, ಬಿಳಿ ಪಂಚೆಗಳೂ ಅಳಿಸಿಹೋಗಿದ್ದವು. ನೀಲಿ ಆಕಾಶದಲ್ಲಿ ಒಂದು ತಲೆ, ಎರಡು ಕೈ, ಎರಡು ಪಾದ ತೇಲುತ್ತಿದ್ದವು. ಸೀಮೆಗೆಲ್ಲ ಬಟ್ಟೆ ಹೊಲಿದು ಕಳಿಸುವ ಊರಿನಲ್ಲಿ ಹಿರಿಯರೊಬ್ಬರ ಮೈಮೇಲೆ ನೂಲೆಳೆಯೂ ಇರಲಿಲ್ಲ. ನೂಲಿರಲಿ, ಮೈಯೇ ಇರಲಿಲ್ಲ.

"ಏನಲೇ, ಹುಟ್ಟುಹಬ್ಬ ಅಂತ ನನ್ನ ಹುಟ್ಟಿದಂಗೇ ನಿಲ್ಲಿಸೀಯಲ್ಲೋ!" ಎಂದರು ದೊಡ್ಡಬೀರಪ್ಪ.

ಫ್ಲೆಕ್ಸ್ ಅಂಗಡಿಯ ಮಾಲೀಕ ಹನುಮಂತು ನಗಲಿಲ್ಲ. "ಇನ್ನೊಂದು ಕಂಪ್ಲೇಂಟ್ ಬಂದ್ರ ವಾಪಸ್ ಜೀನ್ಸ್ ಯೂನಿಟ್‌ಗೆ ಹೋಗಿ ಗುಂಡಿ ಬಡಿ."

ಓಬುಲೇಶ ಬಂದದ್ದೇ ಅಲ್ಲಿಂದ. ಪ್ಯಾಂಟಿಗೆ ಗುಂಡಿ ಬಡಿದು ಬಡಿದು ಬೇಸತ್ತು, ಬಣ್ಣದ ಆಸೆಗೆ ಈ ಕೆಲಸ ಹಿಡಿದವನು. ಆದರೆ ಫ್ಲೆಕ್ಸ್ ಬಿಚ್ಚುವಾಗ ಅವನೊಂದು ಗಮನಿಸಿದ. ಜನ ನಿಂತು ನೋಡುತ್ತಿದ್ದರು. ಫ್ಲೆಕ್ಸ್ ನೋಡಲು ಯಾರಾದರೂ ನಿಂತದ್ದನ್ನು ಅವನು ಕಂಡಿರಲೇ ಇಲ್ಲ. ನಮ್ಮ ಕಡೆ ಫ್ಲೆಕ್ಸ್ ಅಂದರೆ ಮುಖಗಳ ಸಂತೆ. ಚಂದಾ ಹಾಕಿದವರಿಗೆಲ್ಲ ಒಂದೊಂದು ಮುಖ. ದೊಡ್ಡವರದು ಕುಂಬಳಕಾಯಿಯಷ್ಟು, ಚಿಕ್ಕವರದು ಅಂಚಿನಲ್ಲಿ ಕಡಲೆಕಾಯಿಯಷ್ಟು. ವಿಷಯಕ್ಕೆ ಕಾಲಿಡಲೂ ಜಾಗವಿರುವುದಿಲ್ಲ. ಇಲ್ಲಿ ಮೈ ಹೋದ ಜಾಗ ಖಾಲಿಯಿತ್ತು, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು.

ಅಂದಿನಿಂದ ಫೋನಿನಲ್ಲಿ ದೇಶವಿದೇಶದ ಪೋಸ್ಟರ್ ನೋಡುವ ಹುಚ್ಚು ಹಿಡಿಯಿತು. ಒಂದು ಛತ್ರಿಯ ಜಾಹೀರಾತಿನಲ್ಲಿ ಛತ್ರಿಯೇ ಇರಲಿಲ್ಲ. ಸುತ್ತ ಮಳೆಯ ಗೆರೆ, ನಡುವೆ ಗುಂಡಗೆ ಒಣಗಿದ ನೆಲ. ಬೆರಗಾಗಿ ಮಾಲೀಕನಿಗೆ ತೋರಿಸಿದ.

"ಛತ್ರಿ ಹಾಕೋದೇ ಮರ್ತಾನಲ್ಲಲೇ ಪುಣ್ಯಾತ್ಮ! ನಿಮ್ಮಣ್ಣನೇ ಇರಬೇಕು," ಎಂದ ಹನುಮಂತು.

ಆಗ ಬಂದದ್ದು ಲಲಿತಾಳ ಆರ್ಡರು. ಜೀನ್ಸ್ ಹೊಲಿಯುವ ಹೆಂಗಸರನ್ನು ಕೂಡಿಸಿಕೊಂಡು ಸ್ವಂತ ಯೂನಿಟ್ ತೆರೆಯುತ್ತಿದ್ದವಳು. ವಾಡಿಕೆಯಂತೆ ಎಲ್ಲರ ಫೋಟೊ ಕಳಿಸಿದಳು. ಓಬುಲೇಶ ಒಂದನ್ನೂ ಹಾಕಲಿಲ್ಲ. ಇಡೀ ಫ್ಲೆಕ್ಸಿಗೆ ಜೀನ್ಸಿನ ನೀಲಿ ಬಳಿದ. ಅದರ ಮೇಲೆ ಕಿತ್ತಳೆ ದಾರದ ಒಂದೇ ಸಾಲು ಹೊಲಿಗೆ. ಆ ಹೊಲಿಗೆ ಏರಿ, ಇಳಿದು, ಮತ್ತೆ ಏರಿ ನಮ್ಮ ಕೋಟೆಗುಡ್ಡವಾಗಿತ್ತು. ತುದಿಯಲ್ಲೊಂದು ಸೂಜಿ. ಕೆಳಗೆ ಯೂನಿಟ್ಟಿನ ಹೆಸರು ಕನ್ನಡದಲ್ಲಿ, ತೆಲುಗಿನಲ್ಲಿ. ಅಷ್ಟೆ.

ಪ್ರಿಂಟಾದ ಮೇಲೆ ಹನುಮಂತು ನೋಡಿದ. "ಮುಖ ಎಲ್ಲಲೇ?"

ಓಬುಲೇಶ ಮುಖಗಳಿಲ್ಲದ ಫ್ಲೆಕ್ಸಿನ ಮುಂದೆ ಮುಖಭಂಗಕ್ಕೆ ಸಿದ್ಧನಾಗಿ ನಿಂತ. ಅಷ್ಟರಲ್ಲಿ ಲಲಿತಾ ಬಂದೇಬಿಟ್ಟಳು. ಬೆರಳಿಟ್ಟು ಆ ಹೊಲಿಗೆಯ ಗುಂಟ ಗುಡ್ಡ ಹತ್ತಿದಳು, ಇಳಿದಳು.

"ಹೊಲಿಗಿ ಸಮ ಬಿದ್ದೈತಿ," ಎಂದಳು. "ಇದು ನಮ್ಮ ಗುಡ್ಡ ಅಲ್ಲೇನೋ? ನಾವೇ ಹೊಲದಂಗ ಐತಲ್ಲೋ!"

"ಅಲ್ಲವ್ವಾ, ನಿಮ್ಮ ಮುಖ..." ಹನುಮಂತು ಗೋಗರೆದ.

"ಮುಖ ನೋಡಿ ಆರ್ಡರ್ ಕೊಡ್ತಾರೇನ್ರಿ? ಕಟ್ರಿ, ಕಟ್ರಿ."

ಕಟ್ಟಿದರು. ಬಸ್ಸಿಗೆ ಕಾಯುವವರು ಎದ್ದು ಬಂದು ನೋಡಿದರು. ಬೆಳುಗುಪ್ಪದ ಅಂಗಡಿಯವನೊಬ್ಬ ನೋಡಿ, ಲಲಿತಾಳಿಗೆ ಪ್ಯಾಂಟಿನ ಆರ್ಡರ್ ಕೊಟ್ಟು, ಹೋಗುವಾಗ ಹನುಮಂತುವಿಗೂ ಒಂದು ಬೋರ್ಡ್ ಹೇಳಿಹೋದ. ಈಗ ಮಡಕಶಿರಾದಿಂದಲೂ ಜನ ಬಂದು "ಆ ಗುಡ್ಡ ಹೊಲಿದವರು ಯಾರು?" ಎಂದು ಕೇಳುತ್ತಾರೆ. ಹನುಮಂತು "ನಮ್ಮ ಡಿಸೈನರ್" ಎನ್ನುತ್ತಾನೆ, ಗುಂಡಿಯ ಮಾತೆತ್ತುವುದಿಲ್ಲ.

ವಿಸಿಟಿಂಗ್ ಕಾರ್ಡ್ ಮಾಡಿಸಲು ಹೋಗಿದ್ದ ನಾನೂ ಓಬುಲೇಶನನ್ನು ಕೇಳಿದೆ: "ಕೆಲಸವೇ ಹೋಗುವಂತಿತ್ತು. ಒಬ್ಬರ ಮುಖವನ್ನೂ ಹಾಕದೆ ಬಿಡುವ ಧೈರ್ಯ ಎಲ್ಲಿಂದ ಬಂತಪ್ಪ?"

ಅವನು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಎಲ್ಲೀ ಧೈರ್ಯ ರೀ? ಆ ಯೂನಿಟ್‌ನ್ಯಾಗ ನಮ್ಮವ್ವ ಅದಾಳ, ನನ್ನ ಹೆಂಡ್ತಿನೂ ಅದಾಳ. ಯಾರ ಮುಖ ದೊಡ್ಡದು ಹಾಕ್ಲಿ, ನೀವೇ ಹೇಳ್ರಿ."