ಕಪ್ಪು ಹೋದ ಕಂಪಾಸು

ದಿಕ್ಕು ತೋರುವ ಕಂಪಾಸಿನ ಮುಚ್ಚಳದ ಮೇಲಿನ ಗೀರು ನನ್ನ ಕಿರುಬೆರಳಿನ ಉಗುರಿಗಿಂತ ಉದ್ದವಿರಲಿಲ್ಲ. ಅಷ್ಟು ಜಾಗದಲ್ಲಿ ಕಪ್ಪು ಲೇಪ ಹೋಗಿ ಕೆಳಗಿನ ಹಿತ್ತಾಳೆ ಹಳದಿಯಾಗಿ ಕಾಣುತ್ತಿತ್ತು. ಶನಿವಾರ ಸಂಜೆ ಸಾಂತಾಕ್ರೂಜಿನ ಚಾಳಿನಲ್ಲಿ, ನಮ್ಮ ಎರಡು ಕೋಣೆಯ ಮನೆಯಲ್ಲಿ, ಚೀಲ ಬಿಚ್ಚಿದಾಗ ಅದನ್ನು ಕಂಡೆ. ಸೋಮವಾರ ಅದನ್ನು ಕಾಲೇಜಿಗೆ ಒಪ್ಪಿಸುವ ತನಕ ಒಂದು ಕಡೆ ನೆಮ್ಮದಿಯಾಗಿ ಕೂತ ನೆನಪಿಲ್ಲ.

ನಾನಾಗ ಭೂಗೋಳದಲ್ಲಿ ಎಂ.ಎ. ಓದುತ್ತಿದ್ದೆ. ತರಗತಿಯಲ್ಲಿ ನಾವು ಮೂವರು ಹುಡುಗಿಯರು. ನೆಲದ ಮೋಜಣಿಗೆ ಹೋದಾಗ ಹುಡುಗರು ಕಂಪಾಸು ಹಿಡಿದು ದಿಕ್ಕು ಓದುತ್ತಿದ್ದರು, ಅವರು ಹೇಳಿದ ಅಂಕಿಗಳನ್ನು ನಾವು ಬರೆದುಕೊಳ್ಳುತ್ತಿದ್ದೆವು. ಹುಡುಗಿಯರ ಕೈಗೆ ಕೊಟ್ಟರೆ ಸಾಮಾನು ಕೆಡುತ್ತದೆ ಎನ್ನುವುದು ವಿಭಾಗದ ಉಪಕರಣಗಳನ್ನು ನೋಡಿಕೊಳ್ಳುವವರ ಅಭಿಪ್ರಾಯ. ಆ ವಾರ ನಮ್ಮ ಪ್ರೊಫೆಸರು ಅವರ ಮಾತನ್ನು ತಳ್ಳಿಹಾಕಿ ಕಂಪಾಸನ್ನು ನನಗೆ ಕೊಡಿಸಿದ್ದರು. ಬಾಂದ್ರಾದ ಕಡಲ ಅಂಚಿನಲ್ಲಿ ಕೆಲಸ ಮುಗಿಯುವಾಗ ಕಾಲೇಜು ಮುಚ್ಚಿತ್ತು. ಮನೆಗೆ ಒಯ್ದು ಸೋಮವಾರ ತರಲು ಹೇಳಿದರು. ಅದರ ಚರ್ಮದ ಚೀಲದ ಬಕಲ್ ಮುರಿದಿದ್ದರಿಂದ ನನ್ನ ಕೈಚೀಲದಲ್ಲೇ ಇಟ್ಟುಕೊಂಡೆ. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ನೂಕಾಟದಲ್ಲಿ ನನ್ನ ಊಟದ ಡಬ್ಬಿಯ ಅಂಚು ಕಂಪಾಸಿಗೆ ಉಜ್ಜಿರಬೇಕು.

ಗೀರು ಚಿಕ್ಕದು. ಆದರೆ ಅದನ್ನು ನೋಡಿದವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ನನ್ನೊಬ್ಬಳಿಗಲ್ಲ, ಉಳಿದಿಬ್ಬರಿಗೂ ಮತ್ತೆ ಪೆನ್ಸಿಲು, ನೋಟುಬುಕ್ಕೇ ಗತಿಯಾಗುತ್ತಿತ್ತು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಮೊದಲು ಕೊಬ್ಬರಿ ಎಣ್ಣೆ ಸವರಿದೆ. ಒದ್ದೆಯಾಗಿದ್ದಾಗ ಗೀರು ಮಂಕಾಯಿತು, ಒರೆಸಿದ ಮೇಲೆ ಮತ್ತೆ ಕಂಡಿತು. ಆಮೇಲೆ ಅವ್ವನ ಕಾಡಿಗೆ ಡಬ್ಬಿಯಿಂದ ಬೆಂಕಿಕಡ್ಡಿಯ ತುದಿಯಲ್ಲಿ ಒಂದಿಷ್ಟು ತೆಗೆದು ಗೀರಿನೊಳಗೆ ತುಂಬಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ. ಬೆರಳು ತಾಕಿದರೆ ಮಾತ್ರ ಹರಡುತ್ತಿತ್ತು. ಆರಲೆಂದು ಅಡಿಗೆಮನೆಯ ಹಲಗೆಯ ಮೇಲೆ, ತಂಬಿಗೆಗಳ ಹಿಂದೆ ಇಟ್ಟು ಸ್ನಾನಕ್ಕೆ ಹೋದೆ.

ಸಂಕ್ರಾಂತಿಗೆ ಎರಡೇ ದಿನವಿತ್ತು. ಹಬ್ಬದ ಮೊದಲು ಮನೆಯ ಹಿತ್ತಾಳೆಯನ್ನೆಲ್ಲ ಇಳಿಸಿ ಹುಣಸೆಹಣ್ಣು, ಬೂದಿ ಹಾಕಿ ಬೆಳಗುವುದು ಅವ್ವ ಧಾರವಾಡದಿಂದ ತಂದ ಪದ್ಧತಿ. ಅದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ನಾನು ತಲೆ ಒರೆಸಿಕೊಳ್ಳುತ್ತ ಬಂದಾಗ ತಂಬಿಗೆಗಳ ಸಾಲಿನ ಕೊನೆಯಲ್ಲಿ ಕಂಪಾಸು ಬಂಗಾರದ ಡಬ್ಬಿಯಂತೆ ಹೊಳೆಯುತ್ತಿತ್ತು.

“ಎಷ್ಟ್ ಕಿಲುಬು ಹಿಡದಿತ್ತs ಇದಕ್ಕ,” ಎಂದಳು ಅವ್ವ. “ಮ್ಯಾಲ ಮಸಿ ಬ್ಯಾರೆ. ಓದೋ ಹುಡುಗಿ, ತಿಕ್ಕಾಕ ನಿನಗೆಲ್ಲಿ ವ್ಯಾಳೆ ಅಂತ ನಾನs ತಿಕ್ಕಿದೆ.”

ಮುಚ್ಚಳ ತೆಗೆದೆ. ಒಳಗೆ ನೀರು ಹೋಗಿರಲಿಲ್ಲ. ಮುಳ್ಳು ಅತ್ತಿತ್ತ ತೂಗಿ ಉತ್ತರಕ್ಕೆ ನಿಂತಿತು. ಹೊರಗೆ ಮಾತ್ರ ಕಪ್ಪಿನ ಗುರುತೇ ಇರಲಿಲ್ಲ, ಮುಚ್ಚಳ ಮಡಚುವ ಹಿಂಜಿನ ಸಂದಿಯಲ್ಲಿ ಒಂದು ಎಳೆ ಬಿಟ್ಟರೆ. ಅವ್ವ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಆಗ ಎಲ್ಲ ಹೇಳಬೇಕಾಯಿತು, ಗೀರಿನಿಂದ ಕಾಡಿಗೆಯವರೆಗೆ. ಅವಳು ಬಯ್ಯಲಿಲ್ಲ. ಮೊದಲೇ ಹೇಳಬಾರದಿತ್ತೇ ಎಂದು ಒಂದೇ ಸಲ ಅಂದು, ಸೀರೆ ಬದಲಿಸಿಕೊಂಡು ಬಂದಳು.

ಹಿಂದೆ ನಮ್ಮ ಚಾಳಿಗೆ ಕಲಾಯಿ ಹಾಕಲು ಬರುತ್ತಿದ್ದ ಬಿಜಾಪುರದ ಕಡೆಯವನೊಬ್ಬ ಈಗ ಧಾರಾವಿಯಲ್ಲಿ ಟ್ರಂಕಿನ ಬೀಗ, ಕೊಂಡಿಗಳಿಗೆ ಪಾಲಿಶ್ ಮಾಡುವ ಅಂಗಡಿ ಇಟ್ಟಿದ್ದ. ಇಬ್ಬರೂ ಅಲ್ಲಿಗೆ ಹೋದೆವು. ಚರ್ಮದ ವಾಸನೆಯ ಓಣಿಗಳಲ್ಲಿ ಎರಡು ಸಲ ದಾರಿ ತಪ್ಪಿದೆವು. ಕೈಯಲ್ಲಿ ಕಂಪಾಸಿದ್ದೂ ಅದನ್ನು ತೆಗೆದು ನೋಡಲು ನನಗೆ ಮನಸ್ಸಾಗಲಿಲ್ಲ.

ಆತ ಕಂಪಾಸನ್ನು ಹಿಂದೆ ಮುಂದೆ ತಿರುಗಿಸಿ, “ಯಾರ್ ತಿಕ್ಯಾರ್ರಿ ಇದನ್ನ?” ಎಂದ.

“ನಾನs,” ಎಂದಳು ಅವ್ವ, ತಗ್ಗಿದ ದನಿಯಲ್ಲಿ.

“ಕೈ ಛಲೋ ಅದ ಅಕ್ಕಾರ. ನನ್ನ ಹಂತ್ಯಾಕ ಕೆಲಸಕ್ಕ ಬಂದ್‌ಬಿಡ್ರಿ.”

ಅವ್ವ ನಗಲಿಲ್ಲ. ಮೊದಲಿನ ಹಾಗೆ ಕಪ್ಪಾಗಬೇಕಾದರೆ ಮದ್ದು ಸವರಿ ಬಿಸಿ ಮಾಡಬೇಕೆಂದು ಆತ ವಿವರಿಸಿದ. ಬಿಸಿ ತಾಕಿದರೆ ಮುಳ್ಳು ಉತ್ತರ ಮರೆತೀತು. ಮುಳ್ಳನ್ನು ಬಿಚ್ಚಬಹುದು, ತಿರುಗಿ ಕೂಡಿಸಲು ಆತನಿಗೆ ಬರುತ್ತಿರಲಿಲ್ಲ. ಆಮೇಲೆ ದನಿ ಇಳಿಸಿ ಇನ್ನೊಂದು ದಾರಿ ಹೇಳಿದ: “ಟ್ರಂಕಿಗೆ ಹಚ್ಚೋ ಕರೀ ಬಣ್ಣ ಅದ. ಹಚ್ಚಿಕೊಡ್ತೀನಿ. ಒಂದ್ ತಿಂಗಳ ಯಾರಿಗೂ ಗೊತ್ತಾಗಂಗಿಲ್ಲ.”

“ಆಮೇಲೆ?” ಎಂದೆ.

“ಆಮೇಲೆ ಸುಲೀತದ. ಅಷ್ಟೊತ್ತಿಗೆ ನಿಮ್ಮ ಕೈಯಾಗ ಎಲ್ಲಿರ್ತದ ತಂಗಿ?”

ಅವ್ವ ನನ್ನ ಮೊಣಕೈ ಹಿಡಿದಳು. “ಹಚ್ಚಸು. ನಾ ಮಾಡಿದ್ದಕ್ಕ ನೀ ಯಾಕ ಅನ್ನಿಸ್ಕೋತಿ?”

ಆತ ಬಣ್ಣದ ಡಬ್ಬಿಯ ಮುಚ್ಚಳ ತೆಗೆದಾಗಿತ್ತು. ಹಚ್ಚಿಸಬೇಕೆಂಬ ಆಸೆ ನನಗೆ ಅವ್ವನಿಗಿಂತ ಕಡಿಮೆ ಇರಲಿಲ್ಲ. ಆದರೆ ಒಂದು ತಿಂಗಳಾದ ಮೇಲೆ ಅದನ್ನು ಹಿಡಿಯುವವಳು ತರಗತಿಯ ಉಳಿದಿಬ್ಬರು ಹುಡುಗಿಯರಲ್ಲಿ ಒಬ್ಬಳಾಗಬಹುದು. ಬಣ್ಣ ಅವಳ ಅಂಗೈಯಲ್ಲಿ ಸುಲಿಯುತ್ತದೆ, ನಾನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತೇನೆ. ಬೇಡ ಎಂದು ಕಂಪಾಸನ್ನು ಚೀಲಕ್ಕೆ ಹಾಕಿಕೊಂಡೆ. ಮನೆ ಸೇರುವ ತನಕ ನಾನು ನಾಳೆ ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಜೋಡಿಸುತ್ತ, ಕೆಡಿಸುತ್ತ ಬಂದೆ.

ಸೋಮವಾರ ಆ ವಾಕ್ಯಗಳಲ್ಲಿ ಅರ್ಧವೂ ಬಾಯಿಗೆ ಬರಲಿಲ್ಲ. ಹುಣಸೆಹಣ್ಣಿನ ಮಾತು ಬಂದಾಗ ಪ್ರೊಫೆಸರು ಕನ್ನಡಕ ತೆಗೆದರು. ಕಂಪಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ದೂರದ ಗೋಪುರವೊಂದರ ದಿಕ್ಕನ್ನು ಬೇರೆ ಕಂಪಾಸಿನಿಂದಲೂ ಇದರಿಂದಲೂ ಓದಿದರು. ಎರಡೂ ಒಂದೇ ಅಂಕಿ ತೋರಿಸಿದವು. ನನ್ನನ್ನು ಕರೆದುಕೊಂಡು ವಿಭಾಗದ ಸ್ಟೋರಿಗೆ ನಡೆದರು.

ಉಪಕರಣ ನೋಡಿಕೊಳ್ಳುವವರು ಹೊಳೆಯುವ ಹಿತ್ತಾಳೆಯನ್ನು ನೋಡಿ, ತಾವು ಮೊದಲೇ ಹೇಳಿರಲಿಲ್ಲವೇ ಎಂದು ಮರಾಠಿಯಲ್ಲಿ ಶುರು ಮಾಡಿದರು. ಪ್ರೊಫೆಸರು, ಆದದ್ದನ್ನು ಬರೆಯಿರಿ ಎಂದು ಸಾಮಾನಿನ ದಾಖಲೆ ಪುಸ್ತಕವನ್ನು ನನ್ನತ್ತ ತಳ್ಳಿದರು. ಮರಳಿಸಿದಾಗಿನ ಸ್ಥಿತಿ ಎಂಬ ಕಾಲಮ್ಮಿನಲ್ಲಿ ವರ್ಷಗಳಿಂದ ಎಲ್ಲರೂ ‘ಸರಿ ಇದೆ’ ಎಂದೇ ಬರೆದಿದ್ದರು. ಬಕಲ್ ಮುರಿದ ಮೇಲೂ ಸರಿ ಇದೆ, ಗಾಜಿನ ಅಂಚು ಒಡೆದ ಮೇಲೂ ಸರಿ ಇದೆ. ನಾನು ಮೂರು ಸಾಲು ಬರೆದೆ. ಪ್ರೊಫೆಸರು ಅದನ್ನು ಓದಿ, ಹಿಂದಿನ ಪುಟಗಳನ್ನೂ ತಿರುವಿ ನೋಡಿ ಹೊರಟುಹೋದರು.

ಮುಂದಿನ ಶನಿವಾರ ಸ್ಟೋರಿನ ಮುಂದೆ ಸಾಲಿನಲ್ಲಿ ನಿಂತಾಗ ನನಗೆ ಸಿಗುವುದು ಕಂಪಾಸೋ ನೋಟುಬುಕ್ಕೋ ಎಂಬುದು ಗೊತ್ತಿರಲಿಲ್ಲ. ನನ್ನ ಸರದಿ ಬಂತು. ಉಪಕರಣ ನೋಡಿಕೊಳ್ಳುವವರು ಮುಖ ಎತ್ತದೆ ಹಳದಿ ಕಂಪಾಸನ್ನು ಮೇಜಿನ ಮೇಲಿಟ್ಟು, ಸಹಿ ಮಾಡಲು ಜಾಗ ತೋರಿಸಿದರು. ಸಹಿಗೆ ಮುಂಚೆ ನಾನು ಮುಚ್ಚಳ, ಹಿಂಜು, ಗಾಜು ಒಂದೊಂದಾಗಿ ನೋಡಿ, ಇದ್ದ ಊನಗಳನ್ನೆಲ್ಲ ಬರೆಯತೊಡಗಿದೆ. ಹಿಂದೆ ನಿಂತ ಹುಡುಗರು, ಇವಳು ಪಟ್ಟಿ ಮುಗಿಸುವಷ್ಟರಲ್ಲಿ ಲೋಕಲ್ ಹೋಗುತ್ತದೆ ಎಂದು ಗೊಣಗುತ್ತಿದ್ದರು. ನನ್ನ ಕಿವಿ ಬಿಸಿಯಾಗಿತ್ತು, ಆದರೂ ಐದನೆಯ ಊನವನ್ನು ಬರೆದು ಮುಗಿಸಿಯೇ ಸಹಿ ಹಾಕಿದೆ.